ಕಾಯುವುದು ಕಾಗದ, ಬೈಸಿಕೊಳ್ಳುವುದು ಗುಮಾಸ್ತ

ಮನೆಗೆ ನೆಂಟರು ಬಂದಿದ್ದಾರೆ, ಕಾಫಿ ಆಗಬೇಕು. ನೀರು ಕಾಯಿಸಬೇಕು, ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿಯಬೇಕು, ಡಿಕಾಕ್ಷನ್ ಇಳಿಯಲು ಬಿಡಬೇಕು, ಹಾಲು ಕಾಯಿಸಬೇಕು, ಸಕ್ಕರೆ ಬೆರೆಸಬೇಕು, ಲೋಟಕ್ಕೆ ಬಗ್ಗಿಸಿ ತಂದು ಕೊಡಬೇಕು. ಅಡುಗೆಮನೆ ಬಲ್ಲವರು ಡಿಕಾಕ್ಷನ್ ಇಳಿಯುವ ಹೊತ್ತಿನಲ್ಲಿಯೇ ಹಾಲನ್ನು ಒಲೆಯ ಮೇಲಿಡುತ್ತಾರೆ. ಕಡೆಯ ಹನಿ ಇಳಿದ ಮೇಲೆಯೇ ಹಾಲಿನ ಪಾತ್ರೆ ಹುಡುಕಲು ಹೊರಟರೆ ನೆಂಟರಿಗೆ ಬಸ್ಸು ತಪ್ಪುತ್ತದೆ!

ಯಾವ ಕೆಲಸದ ನಂತರ ಯಾವುದು, ಯಾವುದರ ಜೊತೆಯಲ್ಲಿಯೇ ಯಾವುದು ಆಗಬಹುದು, ಯಾವುದಕ್ಕಾಗಿ ಯಾವುದು ಕಾಯಲೇಬೇಕು ಎಂಬ ಈ ಲೆಕ್ಕಾಚಾರಕ್ಕೆ ಆಡಳಿತ ಶಾಸ್ತ್ರದಲ್ಲಿ ದೊಡ್ಡ ಹೆಸರಿದೆ. ‘ಬಿಸಿನೆಸ್ ಪ್ರೊಸೆಸ್’ ಎನ್ನುತ್ತಾರೆ. ನಾವು ಅದನ್ನು ‘ಕೆಲಸದ ಹಾದಿ’ ಎಂದು ಕರೆದುಕೊಳ್ಳೋಣ. ಕಾಫಿಯ ವಿಷಯದಲ್ಲಿ ಇಡೀ ಹಾದಿ ಒಬ್ಬರ ತಲೆಯೊಳಗಿದೆ, ಆದ್ದರಿಂದ ತೊಂದರೆ ಇಲ್ಲ. ಆದರೆ ಒಬ್ಬರು ನೀರು ಮಾತ್ರ ಕಾಯಿಸುವವರು, ಇನ್ನೊಬ್ಬರು ಪುಡಿ ಹಾಕುವವರು, ಮತ್ತೊಬ್ಬರು ಹಾಲಿನವರು, ಸಕ್ಕರೆಯವರು ಮಹಡಿಯ ಮೇಲೆ ಎಂದಾದರೆ? ಎಲ್ಲರೂ ತಮ್ಮ ತಮ್ಮ ಕೆಲಸವನ್ನು ನಿಷ್ಠೆಯಿಂದಲೇ ಮಾಡುತ್ತಾರೆ, ಕಾಫಿ ಮಾತ್ರ ತಣ್ಣಗಾಗಿ ಬರುತ್ತದೆ. ಬೆಳೆದ ಕಂಪನಿಗಳಲ್ಲಿ ಆಗುವುದು ಬಹುಮಟ್ಟಿಗೆ ಇದೇ.

ಯಾವುದೇ ಕಂಪನಿಯ ಕಚೇರಿಗೆ ಹೋಗಿ ನೋಡಿ. ಬಾಗಿಲುಗಳ ಮೇಲೆ ಲೆಕ್ಕಪತ್ರ ವಿಭಾಗ, ಖರೀದಿ ವಿಭಾಗ, ಮಾರಾಟ ವಿಭಾಗ, ಉಗ್ರಾಣ ಎಂದು ಫಲಕಗಳಿರುತ್ತವೆ. ಪ್ರತಿ ವಿಭಾಗಕ್ಕೂ ಒಬ್ಬ ಮುಖ್ಯಸ್ಥರಿರುತ್ತಾರೆ. ಆದರೆ ಗ್ರಾಹಕ ಕೊಟ್ಟ ಆರ್ಡರು ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಅದು ಈ ಬಾಗಿಲಿನಿಂದ ಆ ಬಾಗಿಲಿಗೆ ಅಡ್ಡಡ್ಡಲಾಗಿ ನಡೆದುಕೊಂಡು ಹೋಗುತ್ತದೆ. ಕೋಣೆಗಳಿಗೆ ಯಜಮಾನರಿದ್ದಾರೆ, ಕೋಣೆಯಿಂದ ಕೋಣೆಗೆ ಹೋಗುವ ಹಾದಿಗೆ ಯಜಮಾನರಿಲ್ಲ. ವಿಳಂಬ ಮನೆ ಮಾಡಿಕೊಳ್ಳುವುದು ಈ ನಡುವಿನ ಜಾಗದಲ್ಲಿ.

ಆರು ದಿನವೂ ತೊಂಬತ್ತು ನಿಮಿಷವೂ

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಮೈಕೇಲ್ ಹ್ಯಾಮರ್ ಮತ್ತು ಜೇಮ್ಸ್ ಚಾಂಪಿ ಎಂಬಿಬ್ಬರು 1993ರಲ್ಲಿ ಪ್ರಕಟಿಸಿದ ‘ರೀಎಂಜಿನಿಯರಿಂಗ್ ದಿ ಕಾರ್ಪೊರೇಷನ್’ ಎಂಬ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಐಬಿಎಂ ಕಂಪನಿಯ ಕಂಪ್ಯೂಟರುಗಳನ್ನು ಕೊಳ್ಳುವವರಿಗೆ ಸಾಲ ಕೊಡಲೆಂದೇ ಐಬಿಎಂ ಕ್ರೆಡಿಟ್ ಎಂಬ ಅಂಗಸಂಸ್ಥೆ ಇತ್ತು. ಮಾರಾಟಗಾರ ಫೋನ್ ಮಾಡಿ, ಇಂಥ ಗಿರಾಕಿಗೆ ಇಷ್ಟು ಸಾಲ ಬೇಕು ಎನ್ನುತ್ತಿದ್ದ. ಒಬ್ಬರು ಅದನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಕಾಗದ ಮಹಡಿ ಹತ್ತಿ, ಗಿರಾಕಿಯ ಸಾಲದ ಯೋಗ್ಯತೆ ನೋಡುವ ವಿಭಾಗಕ್ಕೆ ಹೋಗುತ್ತಿತ್ತು. ಅಲ್ಲಿಂದ ಕರಾರಿನ ಷರತ್ತುಗಳನ್ನು ತಿದ್ದುವ ವಿಭಾಗ. ನಂತರ ಬಡ್ಡಿ ನಿರ್ಧರಿಸುವವರು. ಕಡೆಗೆ ಎಲ್ಲವನ್ನೂ ಸೇರಿಸಿ ಪತ್ರ ತಯಾರಿಸಿ ಕಳಿಸುವ ಗುಮಾಸ್ತರು. ಒಟ್ಟು ಐದು ಹಂತ. ಸರಾಸರಿ ಆರು ದಿನ ಹಿಡಿಯುತ್ತಿತ್ತು, ಕೆಲವೊಮ್ಮೆ ಎರಡು ವಾರ. ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ಸಾಲ ಹುಡುಕಿಕೊಳ್ಳಬಹುದು, ಇಲ್ಲವೇ ಬೇರೆ ಕಂಪನಿಯ ಕಂಪ್ಯೂಟರನ್ನೇ ಕೊಂಡುಬಿಡಬಹುದು. ‘ನನ್ನ ಅರ್ಜಿ ಎಲ್ಲಿದೆ?’ ಎಂದು ಮಾರಾಟಗಾರ ಫೋನ್ ಮಾಡಿದರೆ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ.

ಮೊದಲು ಅವರು ಮಾಡಿದ ಉಪಾಯವೇನು ಗೊತ್ತೆ? ಒಂದು ‘ನಿಯಂತ್ರಣ ಮೇಜು’ ಹಾಕಿದರು. ಪ್ರತಿ ವಿಭಾಗವೂ ತನ್ನ ಕೆಲಸ ಮುಗಿಸಿ ಕಾಗದವನ್ನು ಮುಂದಿನವರಿಗೆ ಕೊಡದೆ ಈ ಮೇಜಿಗೆ ತರಬೇಕು. ಅಲ್ಲಿ ದಾಖಲಾಗಿ ಮುಂದಕ್ಕೆ ಹೋಗಬೇಕು. ಈಗ ಅರ್ಜಿ ಎಲ್ಲಿದೆ ಎಂದು ಹೇಳಲು ಸಾಧ್ಯವಾಯಿತು. ಆದರೆ ಅರ್ಜಿ ಮೊದಲಿಗಿಂತ ನಿಧಾನವಾಯಿತು! ನಮ್ಮಲ್ಲಿಯೂ ವಿಳಂಬಕ್ಕೆ ಮದ್ದೆಂದು ಇನ್ನೊಂದು ರಿಜಿಸ್ಟರು ತೆರೆಯುವ ಅಭ್ಯಾಸ ಇದೆಯಲ್ಲ, ಅದೇ ಇದು.

ಆಮೇಲೆ ಇಬ್ಬರು ಹಿರಿಯ ಮ್ಯಾನೇಜರುಗಳಿಗೆ ಒಂದು ಸರಳವಾದ ಪ್ರಯೋಗ ಹೊಳೆಯಿತು. ಒಂದು ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು ಅವರೇ ಐದೂ ಕಡೆ ನಡೆದರು. ಪ್ರತಿ ಮೇಜಿನಲ್ಲೂ, ‘ಕೈಯಲ್ಲಿರುವ ಕೆಲಸ ಪಕ್ಕಕ್ಕಿಟ್ಟು ಇದನ್ನು ಎಂದಿನಂತೆ ಮಾಡಿಕೊಡಿ’ ಎಂದು ಕೇಳಿದರು. ಎಲ್ಲ ಸೇರಿ ತಗುಲಿದ್ದು 90 ನಿಮಿಷ. ಆರು ದಿನದಲ್ಲಿ ನಿಜವಾದ ಕೆಲಸ ಒಂದೂವರೆ ಗಂಟೆಯದು. ಉಳಿದದ್ದೆಲ್ಲ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವ, ಹೋಗಿ ಅಲ್ಲಿ ಮಲಗುವ ಸಮಯ.

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ಪ್ರತಿಯೊಬ್ಬ ನೌಕರನ ಕೆಲಸದ ವೇಗವನ್ನೂ ಇಮ್ಮಡಿ ಮಾಡಿದ್ದರೂ ಉಳಿಯುತ್ತಿದ್ದದ್ದು ಕೇವಲ 45 ನಿಮಿಷ. ಕೊನೆಗೆ ಅವರು ನಾಲ್ಕು ವಿಭಾಗಗಳ ಪರಿಣತರ ಬದಲು ಒಬ್ಬನೇ ವ್ಯಕ್ತಿ ಒಂದು ಅರ್ಜಿಯನ್ನು ಆದಿಯಿಂದ ಅಂತ್ಯದವರೆಗೆ ನೋಡಿಕೊಳ್ಳುವಂತೆ ಮಾಡಿದರು. ಸಹಾಯಕ್ಕೆ ಕಂಪ್ಯೂಟರ್ ಕೊಟ್ಟರು. ನಿಜಕ್ಕೂ ಜಟಿಲವಾದ ಅರ್ಜಿಗಳಿಗೆ ಮಾತ್ರ ಪರಿಣತರು. ಆರು ದಿನ ನಾಲ್ಕು ಗಂಟೆಗೆ ಇಳಿಯಿತು. ಹೆಚ್ಚಿನ ಅರ್ಜಿಗಳು ಸರಳವಾಗಿದ್ದವು ಎಂಬುದು ಯಾರಿಗೂ ಕಂಡಿರಲಿಲ್ಲ. ಏಕೆಂದರೆ ಪೂರ್ತಿ ಅರ್ಜಿಯನ್ನು ನೋಡಿದವರೇ ಇರಲಿಲ್ಲ!

ಐದು ಚಿಹ್ನೆಗಳು

ಹಾದಿಯನ್ನು ಕಾಣಬೇಕಾದರೆ ಅದನ್ನು ಬರೆಯಬೇಕು. ಈ ಕಲೆಗೆ ಸುಮಾರು ನೂರು ವರ್ಷದ ಇತಿಹಾಸ ಇದೆ. ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ಎಂಬಾತ ಗಾರೆ ಕೆಲಸದಿಂದ ಬದುಕು ಆರಂಭಿಸಿದವನು. ಇಟ್ಟಿಗೆ ಇಡುವಾಗ ಒಬ್ಬೊಬ್ಬ ಕೆಲಸಗಾರ ಒಂದೊಂದು ರೀತಿ ಬಾಗುವುದನ್ನು, ತಿರುಗುವುದನ್ನು ಕಂಡು ಅವನಿಗೆ ಕುತೂಹಲ ಹುಟ್ಟಿತು. ಒಂದು ಇಟ್ಟಿಗೆಗೆ 18 ಚಲನೆಗಳಿದ್ದವು. ಇಟ್ಟಿಗೆಗಳು ನೆಲದ ಮೇಲಿದ್ದರೆ ಕೆಲಸಗಾರ ಪ್ರತಿ ಬಾರಿಯೂ ತನ್ನ ಇಡೀ ಮೈಯನ್ನು ಬಗ್ಗಿಸಿ ಎತ್ತಬೇಕು. ಗಿಲ್ಬ್ರೆತ್ ಎತ್ತರ ಹೊಂದಿಸಬಹುದಾದ ಅಟ್ಟಣಿಗೆ ಮಾಡಿದ. ಇಟ್ಟಿಗೆ ಸೊಂಟದ ಮಟ್ಟಕ್ಕೆ ಬಂತು. ಚಲನೆಗಳು ಐದಕ್ಕೆ ಇಳಿದವು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದ ಕಡೆ 350 ಇಡಲು ಸಾಧ್ಯವಾಯಿತು ಎಂದು ಫ್ರೆಡರಿಕ್ ಟೇಲರ್ 1911ರ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ.

ಫ್ರಾಂಕನ ಪತ್ನಿ ಲಿಲಿಯನ್ ಮನೋವಿಜ್ಞಾನ ಓದಿದವಳು, ಹನ್ನೆರಡು ಮಕ್ಕಳ ತಾಯಿ. ಕೆಲಸದಲ್ಲಿ ಮನುಷ್ಯ ದಣಿಯುವುದೇಕೆ ಎಂಬುದು ಅವಳ ಅಧ್ಯಯನದ ವಿಷಯ. ಇಬ್ಬರೂ ಸೇರಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ‘ಪ್ರೊಸೆಸ್ ಚಾರ್ಟ್’ ಎಂಬ ಹೊಸ ನಕ್ಷೆಯನ್ನು ಮಂಡಿಸಿದರು. ಮುಂದೆ 1947ರಲ್ಲಿ ಆ ಸಂಘವೇ ಇದಕ್ಕೆ ಐದು ಚಿಹ್ನೆಗಳನ್ನು ಗೊತ್ತುಮಾಡಿತು. ವೃತ್ತ ಎಂದರೆ ಕೆಲಸ. ಬಾಣ ಎಂದರೆ ಸಾಗಣೆ. ಚೌಕ ಎಂದರೆ ಪರಿಶೀಲನೆ. ಇಂಗ್ಲಿಷಿನ ‘ಡಿ’ ಅಕ್ಷರ ಎಂದರೆ ವಿಳಂಬ. ತಲೆಕೆಳಗಾದ ತ್ರಿಕೋನ ಎಂದರೆ ದಾಸ್ತಾನು.

ಈ ಐದನ್ನು ಕಲಿಯಲು ಐದು ನಿಮಿಷ ಸಾಕು. ಆದರೆ ಇವುಗಳೊಳಗೆ ಒಂದು ದೊಡ್ಡ ವಿಚಾರ ಅಡಗಿದೆ. ಐದು ಚಿಹ್ನೆಗಳಲ್ಲಿ ವೃತ್ತ ಒಂದೇ ವಸ್ತುವನ್ನು ಮುಂದಕ್ಕೆ ಒಯ್ಯುವ ಕೆಲಸ. ಉಳಿದ ನಾಲ್ಕು, ಅಂದರೆ ಹೊತ್ತು ಸಾಗಿಸುವುದು, ಸರಿಯಿದೆಯೇ ಎಂದು ನೋಡುವುದು, ಕಾಯುವುದು, ಇಟ್ಟುಕೊಳ್ಳುವುದು, ಇವು ಬೇಕಾಗಬಹುದು, ಬೇಡವಾಗಿರಲೂಬಹುದು. ನಕ್ಷೆ ಬರೆದಾಗಲೇ ಪ್ರತಿಯೊಂದರ ಮುಂದೆ ‘ಇದು ಏಕೆ?’ ಎಂಬ ಪ್ರಶ್ನೆ ಹಾಕಲು ಸಾಧ್ಯ.

ಇಂದು ಕಂಪನಿಗಳಲ್ಲಿ ಬಳಕೆಯಲ್ಲಿರುವ ನಕ್ಷೆಯ ಭಾಷೆಗೆ ‘ಬಿಪಿಎಂಎನ್’ ಎಂದು ಹೆಸರು. 2004ರಲ್ಲಿ ಹೊರಬಂದು, 2011ರಲ್ಲಿ ಎರಡನೆಯ ಆವೃತ್ತಿ ಕಂಡು, 2013ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ವೃತ್ತ ಇಲ್ಲಿ ಘಟನೆ, ಮೂಲೆ ದುಂಡಗಾದ ಆಯತ ಕೆಲಸ, ವಜ್ರಾಕೃತಿ ಎಂದರೆ ಹಾದಿ ಕವಲೊಡೆಯುವ ಜಾಗ. ಜೊತೆಗೆ ಈಜುಕೊಳದ ಪಟ್ಟಿಗಳಂತೆ ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ. ಕೆಲಸ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುವ ಕಡೆಯಲ್ಲೆಲ್ಲ ಕೈಬದಲಾವಣೆ ಆಗುತ್ತದೆ. ಐಬಿಎಂ ಕ್ರೆಡಿಟ್‌ನ ಕಾಗದ ಮಲಗಿಕೊಳ್ಳುತ್ತಿದ್ದದ್ದು ಇಂಥ ಗೆರೆಗಳ ಮೇಲೆಯೇ.

ಸಾಲಿನ ಗಣಿತ

ಕಾಗದ ಇಷ್ಟೊಂದು ಕಾಯುವುದಾದರೂ ಏಕೆ? ನೌಕರರ ಸೋಮಾರಿತನ ಎಂದು ಥಟ್ಟನೆ ಉತ್ತರ ಬರುತ್ತದೆ. ಗಣಿತ ಬೇರೆಯದೇ ಉತ್ತರ ಕೊಡುತ್ತದೆ.

ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತ 1909ರಲ್ಲಿ ಸಾಲುಗಳ ಗಣಿತಕ್ಕೆ ತಳಹದಿ ಹಾಕಿದ. ಅದರ ಒಂದು ಫಲಿತಾಂಶವನ್ನು ನೋಡೋಣ. ಒಂದು ಮೇಜಿನಲ್ಲಿ ಒಬ್ಬ ಗುಮಾಸ್ತ. ಒಂದು ಕಾಗದಕ್ಕೆ ಸರಾಸರಿ ಹತ್ತು ನಿಮಿಷ ಬೇಕು. ಕೆಲವಕ್ಕೆ ಕಡಿಮೆ, ಕೆಲವಕ್ಕೆ ಹೆಚ್ಚು. ಕಾಗದಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ. ದಿನದ ಅರ್ಧ ಹೊತ್ತು ಮಾತ್ರ ಅವನಿಗೆ ಕೆಲಸವಿದ್ದರೆ ಒಂದು ಕಾಗದ ಸರದಿಗಾಗಿ ಸರಾಸರಿ ಹತ್ತು ನಿಮಿಷ ಕಾಯುತ್ತದೆ. ನೂರಕ್ಕೆ 80 ಭಾಗ ಹೊತ್ತು ಕೆಲಸವಿದ್ದರೆ 40 ನಿಮಿಷ. 90 ಭಾಗವಾದರೆ 90 ನಿಮಿಷ. 95 ಭಾಗವಾದರೆ 190 ನಿಮಿಷ, ಎಂದರೆ ಮೂರು ಗಂಟೆಗೂ ಮೀರಿ!

ಗುಮಾಸ್ತ ಅದೇ, ಅವನ ವೇಗವೂ ಅದೇ. 90ರಿಂದ 95ಕ್ಕೆ ಹೋಗುವಾಗ ಕೆಲಸ ಹೆಚ್ಚಿದ್ದು ಸ್ವಲ್ಪ, ಕಾಯುವಿಕೆ ಇಮ್ಮಡಿಗೂ ಹೆಚ್ಚು. ‘ನಮ್ಮ ನೌಕರರು ಒಂದು ನಿಮಿಷವೂ ಸುಮ್ಮನೆ ಕೂರುವುದಿಲ್ಲ’ ಎಂದು ಹೆಮ್ಮೆಪಡುವ ಕಂಪನಿಯ ಗಿರಾಕಿಗಳೇ ಅತಿ ಹೆಚ್ಚು ಕಾಯುವುದು ಇದರಿಂದಾಗಿ. ಇಂಥ ಐದು ಮೇಜುಗಳನ್ನು ಸಾಲಾಗಿ ಜೋಡಿಸಿದರೆ ಆರು ದಿನ ಆಗುವುದರಲ್ಲಿ ಆಶ್ಚರ್ಯವೇನಿದೆ?

ಇನ್ನೊಂದು ಸೂತ್ರ ಇದಕ್ಕಿಂತ ಸರಳ. ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಇದಕ್ಕೆ ಸಾಧನೆ ಕೊಟ್ಟರು. ಒಳಗಿರುವ ಕಾಗದಗಳ ಸಂಖ್ಯೆಯನ್ನು ದಿನವೊಂದಕ್ಕೆ ಬರುವ ಕಾಗದಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕಾಗದ ಒಳಗೆ ಕಳೆಯುವ ಸರಾಸರಿ ದಿನಗಳು ಸಿಗುತ್ತವೆ. ಕಚೇರಿಗೆ ದಿನಕ್ಕೆ 4 ಅರ್ಜಿ ಬರುತ್ತವೆ, ನಾಲ್ಕು ಹೊರಗೆ ಹೋಗುತ್ತವೆ, ಎಲ್ಲ ಮೇಜುಗಳ ಮೇಲೆ ಒಟ್ಟು 80 ಇವೆ ಎನ್ನೋಣ. ಹಾಗಾದರೆ ಒಂದು ಅರ್ಜಿಗೆ ಸರಾಸರಿ 20 ದಿನ. ಯಾರನ್ನೂ ವಿಚಾರಣೆ ಮಾಡಬೇಕಾಗಿಲ್ಲ, ಎಣಿಸಿದರೆ ಸಾಕು. ಹೇಗಾದರೂ ಮಾಡಿ ಒಮ್ಮೆ ಆ 80ನ್ನು 20ಕ್ಕೆ ತಂದು ಅಲ್ಲಿಯೇ ನಿಲ್ಲಿಸಿಕೊಂಡರೆ, ಐದೇ ದಿನ.

ಒಂದು ನೋಟೀಸಿನ ಕಥೆ

ಈ ಗಣಿತದಿಂದ ಯಾರಿಗೆ ಏನು ಪ್ರಯೋಜನ ಎಂದು ಕೇಳುವವರಿಗಾಗಿ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷ ನಾನು ಶಿಕ್ಷಕರ ಒಂದು ಸಣ್ಣ ಪತ್ತಿನ ಸಹಕಾರ ಸಂಘದ ನಿರ್ದೇಶಕರಲ್ಲಿ ಒಬ್ಬನಾಗಿದ್ದೆ. ಸದಸ್ಯರಿಗೆ ಸಾಲ ಸಿಗುವುದು ತಡವಾಗುತ್ತಿದೆ ಎಂಬ ದೂರು ಬರುತ್ತಲೇ ಇತ್ತು. ಮಗಳ ಕಾಲೇಜು ಶುಲ್ಕಕ್ಕೆಂದು ಅರ್ಜಿ ಹಾಕಿದ್ದ ಮೇಷ್ಟ್ರೊಬ್ಬರು ಹಣ ಕೈಗೆ ಬರುವ ಮುನ್ನವೇ ಲೇವಾದೇವಿಯವರ ಬಳಿ ಹೋಗಬೇಕಾಯಿತು. ಸಭೆಯಲ್ಲಿ ಗದ್ದಲವಾಯಿತು. ಅರ್ಜಿ ವಿಭಾಗದ ಗುಮಾಸ್ತರಿಗೆ ನೋಟೀಸು ಕೊಡಬೇಕು, ಒಂದು ವರ್ಷದ ಬಡ್ತಿ ತಡೆಹಿಡಿಯಬೇಕು ಎಂದು ಮಾತು ಬಂತು. ಆ ಮನುಷ್ಯ ಬಾಗಿಲ ಬಳಿ ಫೈಲು ಹಿಡಿದು ನಿಂತೇ ಇದ್ದರು.

ನೋಟೀಸು ಕೊಡುವ ಮೊದಲು ಒಂದೇ ಒಂದು ಅರ್ಜಿಯ ಹಾದಿಯನ್ನು ಬರೆದು ನೋಡೋಣ ಎಂದು ಕೇಳಿಕೊಂಡೆ. ಅರ್ಜಿಗಳ ಮೇಲಿನ ತಾರೀಖು, ಮೊಹರು, ಸಹಿ ಇವನ್ನೆಲ್ಲ ಹುಡುಕಿ, ಶಾಲೆಯ ಡ್ರಾಯಿಂಗ್ ಹಾಳೆಯ ಮೇಲೆ ಗಿಲ್ಬ್ರೆತ್ ದಂಪತಿಯ ಚಿಹ್ನೆಗಳನ್ನೇ ಹಾಕುತ್ತ ಹೋದೆವು. ಅರ್ಜಿ ಬಂದು ಚೆಕ್ಕು ಹೋಗುವುದಕ್ಕೆ 26 ದಿನ. ಅದರಲ್ಲಿ ಜನರ ಕೈಯಲ್ಲಿ ಕೆಲಸ ನಡೆದ ಹೊತ್ತು ಎರಡು ಗಂಟೆಯೂ ಇಲ್ಲ. ಗುಮಾಸ್ತರ ಮೇಜಿನ ಮೇಲೆ ಅದು ಇದ್ದದ್ದು ಒಂದು ದಿನ. ಹೆಚ್ಚಿನ ದಿನಗಳೆಲ್ಲ ಹೋದದ್ದು ಎರಡು ಕಡೆ. ಸಾಲ ಮಂಜೂರಾಗುತ್ತಿದ್ದದ್ದು ತಿಂಗಳಿಗೊಮ್ಮೆ ಸೇರುವ ಆಡಳಿತ ಮಂಡಳಿಯ ಸಭೆಯಲ್ಲಿ. ಸಭೆಯ ಮರುದಿನ ಬಂದ ಅರ್ಜಿ ಮುಂದಿನ ಸಭೆಯವರೆಗೆ ಕೂತಿರಬೇಕು. ಎರಡನೆಯದು, ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಜಾಮೀನುದಾರರ ವೇತನ ಪ್ರಮಾಣಪತ್ರವಿಲ್ಲದೆ ವಾಪಸು ಹೋಗುತ್ತಿದ್ದವು. ಅದು ಬೇಕೆಂದು ಅರ್ಜಿಯ ನಮೂನೆಯಲ್ಲಿ ಎಲ್ಲಿಯೂ ಅಚ್ಚಾಗಿರಲಿಲ್ಲ.

ತಿಂಗಳಿಗೊಮ್ಮೆ ಸೇರುತ್ತಿದ್ದವರು ಯಾರು? ನೋಟೀಸು ಕೊಡಲು ಹೊರಟಿದ್ದ ನಾವೇ! ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು. ಒಂದು ಮಿತಿಯವರೆಗಿನ ಸಾಲವನ್ನು ಮೂವರ ಉಪಸಮಿತಿ ವಾರಕ್ಕೊಮ್ಮೆ ಮಂಜೂರು ಮಾಡುವುದು, ಬೇಕಾದ ದಾಖಲೆಗಳ ಪಟ್ಟಿಯನ್ನು ನಮೂನೆಯಲ್ಲಿಯೇ ಮುದ್ರಿಸುವುದು ಎಂದು ತೀರ್ಮಾನವಾಯಿತು. ಸಾಮಾನ್ಯ ಅರ್ಜಿಗಳು ಎಂಟು ಹತ್ತು ದಿನಕ್ಕೆ ಇತ್ಯರ್ಥವಾಗತೊಡಗಿದವು. ನೋಟೀಸಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಹಾಳೆ ಇಲ್ಲದಿದ್ದರೆ ಆ ಗುಮಾಸ್ತರ ಬಡ್ತಿ ಹೋಗುತ್ತಿತ್ತು, ಅರ್ಜಿಗಳು ಮಾತ್ರ ಎಂದಿನಂತೆ 26 ದಿನ ಕಾಯುತ್ತಿದ್ದವು.

ಜಪಾನಿನ ಕೈಗಾರಿಕೆಗಳಿಗೆ 1950ರಿಂದ ಗುಣಮಟ್ಟದ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್, 1986ರ ತಮ್ಮ ಪುಸ್ತಕದಲ್ಲಿ ಒಂದು ಅಂದಾಜು ಕೊಟ್ಟಿದ್ದಾರೆ. ತಮ್ಮ ಅನುಭವದಲ್ಲಿ ತೊಂದರೆಗಳ ಪೈಕಿ ನೂರಕ್ಕೆ 94 ವ್ಯವಸ್ಥೆಗೆ ಸೇರಿದವು, ಅವುಗಳ ಹೊಣೆ ಆಡಳಿತದ್ದು. ಆರು ಮಾತ್ರ ವಿಶೇಷ ಕಾರಣಗಳಿಂದ ಆಗುವಂಥವು. ಇದು ಅಳೆದ ಸಂಖ್ಯೆಯಲ್ಲ, ಅನುಭವಿಯ ಅಂದಾಜು. ಆದರೂ ಯಾರ ಮೇಲಾದರೂ ಕೈ ತೋರಿಸುವ ಮುನ್ನ ನೆನೆಯಬೇಕಾದದ್ದು.

ಕತ್ತಿ ಎರಡಲಗಿನದು

ಹಾಗೆಂದು ಈ ನಕ್ಷೆಗಳು ಯಾವಾಗಲೂ ನೌಕರರನ್ನು ಕಾಪಾಡುತ್ತವೆ ಎಂದಲ್ಲ. 1980ರ ದಶಕದ ಮೊದಲಲ್ಲಿ ಫೋರ್ಡ್ ಮೋಟಾರ್ ಕಂಪನಿಯ ಉತ್ತರ ಅಮೆರಿಕದ ವ್ಯವಹಾರದಲ್ಲಿ, ಬಿಡಿಭಾಗ ಪೂರೈಸಿದವರಿಗೆ ಹಣ ಸಂದಾಯ ಮಾಡುವ ವಿಭಾಗವೊಂದರಲ್ಲಿಯೇ 500ಕ್ಕೂ ಹೆಚ್ಚು ಜನರಿದ್ದರು. ಫೋರ್ಡ್ ಆಗ ಪಾಲು ಹೊಂದಿದ್ದ ಜಪಾನಿನ ಮಾಜ್ದಾ ಕಂಪನಿಯಲ್ಲಿ ಅದೇ ಕೆಲಸಕ್ಕೆ ಐದು ಜನ! ಮಾಜ್ದಾ ಚಿಕ್ಕ ಕಂಪನಿ ಎಂದು ಲೆಕ್ಕ ಹಾಕಿ ನೋಡಿದರೂ ಅಂತರ ದೊಡ್ಡದೇ.

ಕಾರಣ ಹಾದಿಯಲ್ಲಿತ್ತು. ಖರೀದಿ ಆದೇಶ, ಮಾಲು ಬಂದ ರಸೀತಿ, ಪೂರೈಕೆದಾರರ ಬಿಲ್ಲು ಈ ಮೂರು ಕಾಗದಗಳಲ್ಲಿ 14 ವಿವರಗಳು ತಾಳೆಯಾಗಬೇಕಿತ್ತು. ತಾಳೆಯಾಗದವುಗಳ ಹಿಂದೆ ಓಡುವುದರಲ್ಲಿಯೇ ನೌಕರರ ಹೆಚ್ಚು ಹೊತ್ತು ಕಳೆಯುತ್ತಿತ್ತು. ಫೋರ್ಡ್ ಬಿಲ್ಲನ್ನೇ ಕೈಬಿಟ್ಟಿತು. ಮಾಲು ಬಂದು ಇಳಿದಾಗ ಉಗ್ರಾಣದವರು ಕಂಪ್ಯೂಟರಿನಲ್ಲಿ ಆದೇಶದೊಂದಿಗೆ ಹೋಲಿಸುತ್ತಾರೆ. ಸರಿಯಿದ್ದರೆ ತೆಗೆದುಕೊಳ್ಳುತ್ತಾರೆ, ಹಣ ತಾನಾಗಿ ಪಾವತಿಯಾಗುತ್ತದೆ. ಇಲ್ಲವಾದರೆ ಮಾಲು ವಾಪಸು. ವಿಭಾಗದ ಸಿಬ್ಬಂದಿಯ ಸಂಖ್ಯೆ ಮುಕ್ಕಾಲು ಪಾಲು ಇಳಿಯಿತು ಎಂದು ಹ್ಯಾಮರ್ 1990ರಲ್ಲಿ ಬರೆದರು.

ಈ ಕಡೆಯ ವಾಕ್ಯವನ್ನು ಜಗತ್ತಿನ ಅನೇಕ ಕಂಪನಿಗಳು ಎಲ್ಲಕ್ಕಿಂತ ಗಮನವಿಟ್ಟು ಓದಿದವು. 1990ರ ದಶಕದಲ್ಲಿ ‘ರೀಎಂಜಿನಿಯರಿಂಗ್’ ಎಂದರೆ ನೌಕರರನ್ನು ಮನೆಗೆ ಕಳಿಸುವುದಕ್ಕೆ ಇಟ್ಟ ಸಭ್ಯ ಹೆಸರು ಎಂಬಂತಾಯಿತು. ಈ ಚಿಂತನೆಯ ಮೊದಲಿಗರಲ್ಲಿ ಒಬ್ಬರಾದ ಥಾಮಸ್ ಡೇವನ್‌ಪೋರ್ಟ್ 1995ರಲ್ಲಿ, ಇದು ಜನರನ್ನು ಮರೆತ ಗೀಳು ಎಂದು ಬರೆದರು. ಹ್ಯಾಮರ್ ಅವರೂ 1996ರಲ್ಲಿ ಪತ್ರಿಕೆಯೊಂದಕ್ಕೆ, ತಮ್ಮ ಎಂಜಿನಿಯರಿಂಗ್ ಹಿನ್ನೆಲೆಯಿಂದಾಗಿ ಮನುಷ್ಯರ ಅಂಶಕ್ಕೆ ಸಾಕಷ್ಟು ಬೆಲೆ ಕೊಡಲಿಲ್ಲ, ಅದು ಎಷ್ಟು ಮುಖ್ಯ ಎಂದು ಈಗ ಗೊತ್ತಾಗಿದೆ ಎಂಬ ಅರ್ಥದ ಮಾತು ಹೇಳಿದರು. ಅಷ್ಟು ಹೊತ್ತಿಗೆ ಅನೇಕರ ಕೆಲಸ ಹೋಗಿತ್ತು.

ವ್ಯರ್ಥ ಕೆಲಸವನ್ನು ತೆಗೆಯುವುದು ಬೇರೆ, ಆ ಕೆಲಸ ಮಾಡುತ್ತಿದ್ದ ಮನುಷ್ಯನನ್ನು ತೆಗೆಯುವುದು ಬೇರೆ. ಕಾಗದ ತಾಳೆ ನೋಡುವ ಕೆಲಸ ಅನವಶ್ಯಕವಾಗಿರಬಹುದು. ಅದನ್ನು ಇಪ್ಪತ್ತು ವರ್ಷ ಮಾಡಿದವನಿಗೆ ಯಾವ ಪೂರೈಕೆದಾರ ನಂಬಿಗಸ್ತ, ಯಾವ ಮಾಲಿನಲ್ಲಿ ಮೋಸ ಆಗುತ್ತದೆ ಎಂಬ ತಿಳಿವಳಿಕೆ ಇರುತ್ತದೆ. ನಕ್ಷೆಯಲ್ಲಿ ಅದಕ್ಕೆ ಚಿಹ್ನೆ ಇಲ್ಲ. ಸಿಬ್ಬಂದಿಗೆ ಇನ್ನೊಂದು ಅಪಾಯವೂ ಗೊತ್ತಿರುತ್ತದೆ. ಹಾದಿಯನ್ನು ನಿಜವಾಗಿ ಹೇಳಿಕೊಟ್ಟರೆ ತಮ್ಮ ಕುರ್ಚಿಗೇ ಸಂಚಕಾರ ಎಂದು ಅನ್ನಿಸಿದ ದಿನ ಯಾರೂ ನಿಜ ಹೇಳುವುದಿಲ್ಲ. ಆಗ ಗೋಡೆಗೆ ತೂಗುವ ನಕ್ಷೆ ಅಂದವಾಗಿರುತ್ತದೆ, ಕೆಲಸ ಹಳೆಯ ಹಾದಿಯಲ್ಲೇ ನಡೆಯುತ್ತದೆ.

ಹಗ್ಗ ಯಾರ ಕೈಯಲ್ಲಿ?

ಜಪಾನಿನ ಟೊಯೋಟಾ ಕಂಪನಿ ಹಿಡಿದ ದಾರಿ ಇದಕ್ಕಿಂತ ಬೇರೆ. ಸಂಸ್ಥಾಪಕ ಮನೆತನದ ಸಕಿಚಿ ಟೊಯೋಡಾ ಮಗ್ಗಗಳನ್ನು ತಯಾರಿಸುತ್ತಿದ್ದವರು. ನೂಲು ಹರಿದರೆ ತಾನಾಗಿ ನಿಂತುಬಿಡುವ ಮಗ್ಗ ಅವರ ದೊಡ್ಡ ಕೊಡುಗೆ. 1924ರಲ್ಲಿ ಪೂರ್ಣ ರೂಪಕ್ಕೆ ಬಂದ ಸ್ವಯಂಚಾಲಿತ ಮಗ್ಗದಲ್ಲಿ ಈ ಗುಣ ಇತ್ತು. ದೋಷವಿರುವ ಬಟ್ಟೆಯನ್ನು ಮಾರುಗಟ್ಟಲೆ ನೇಯ್ದು ಆಮೇಲೆ ಪರೀಕ್ಷಿಸುವುದಕ್ಕಿಂತ ತಪ್ಪಾದ ಕ್ಷಣದಲ್ಲೇ ನಿಲ್ಲುವುದು ಮೇಲಲ್ಲವೇ? ಮುಂದೆ ಕಾರು ಕಾರ್ಖಾನೆಯಲ್ಲಿ ಈ ಅಧಿಕಾರ ಮನುಷ್ಯನಿಗೆ ಬಂತು. ಜೋಡಣೆಯ ಸಾಲಿನಲ್ಲಿ ನಿಂತ ಯಾವ ಕೆಲಸಗಾರನೇ ಆಗಲಿ, ತೊಂದರೆ ಕಂಡರೆ ಮೇಲಿರುವ ಹಗ್ಗ ಎಳೆಯಬಹುದು. ತಂಡದ ನಾಯಕ ಓಡಿಬರುತ್ತಾನೆ. ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ.

ಟೊಯೋಟಾದ ಎಂಜಿನಿಯರ್ ತಾಯಿಚಿ ಓನೋ ಅವರ ‘ಐದು ಏಕೆ’ ಎಂಬ ಪದ್ಧತಿ ಮೇಷ್ಟ್ರುಗಳಾದ ನಮಗೆ ಇಷ್ಟವಾಗುವಂಥದು. ಯಂತ್ರ ನಿಂತಿತು. ಏಕೆ? ಭಾರ ಹೆಚ್ಚಾಗಿ ಫ್ಯೂಸ್ ಹೋಯಿತು. ಭಾರ ಏಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ ಸಾಲಲಿಲ್ಲ? ಪಂಪು ಸರಿಯಾಗಿ ಎಣ್ಣೆ ಎತ್ತಲಿಲ್ಲ. ಏಕೆ? ಪಂಪಿನ ಅಚ್ಚು ಸವೆದಿತ್ತು. ಏಕೆ ಸವೆಯಿತು? ಜರಡಿ ಇಲ್ಲದೆ ಲೋಹದ ಚೂರುಗಳು ಒಳಸೇರಿದ್ದವು. ಮೊದಲ ಉತ್ತರಕ್ಕೇ ನಿಂತವನು ಫ್ಯೂಸ್ ಬದಲಿಸಿ ಹೋಗುತ್ತಾನೆ, ಯಂತ್ರ ಕೆಲವೇ ದಿನಗಳಲ್ಲಿ ಮತ್ತೆ ನಿಲ್ಲುತ್ತದೆ. ಐದನೆಯ ಉತ್ತರಕ್ಕೆ ಹೋದವನು ಜರಡಿ ಕೂರಿಸುತ್ತಾನೆ. ಈ ಐದರಲ್ಲಿ ‘ಯಾರು?’ ಎಂಬ ಪ್ರಶ್ನೆ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ.

1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿಯಿಂದಾಗಿ ಈ ಪದ್ಧತಿ ನಮ್ಮ ಬಿಡದಿಗೂ ಬಂದಿದೆ. ಬೆಂಗಳೂರು ಸುತ್ತಿನ ಅನೇಕ ಬಿಡಿಭಾಗದ ಕಾರ್ಖಾನೆಗಳಲ್ಲಿ ‘ಕಾನ್‌ಬಾನ್’ ಎಂಬ ಜಪಾನೀ ಪದ ಇಂದು ಕೆಲಸದ ಮಾತು. ಫಲಕ ಎಂದು ಅದರ ಅರ್ಥ. ಮುಂದಿನ ಹಂತದವರು ಬೇಕೆಂದು ಚೀಟಿ ಕಳಿಸುವವರೆಗೆ ಹಿಂದಿನವರು ತಯಾರಿಸುವಂತಿಲ್ಲ. ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ ಗಿರಾಕಿ ತೆಗೆದುಕೊಂಡಷ್ಟನ್ನೇ ಮತ್ತೆ ತುಂಬಿಸಿಡುವ ಕ್ರಮದಿಂದ ಓನೋ ಇದನ್ನು ಕಲಿತರು. ನಾವು ಆಗಲೇ ನೋಡಿದ ಲಿಟ್ಲ್ ಸೂತ್ರವೂ ಹೇಳುವುದು ಇದನ್ನೇ. ನಡುವೆ ಬಿದ್ದಿರುವ ರಾಶಿ ಕಡಿಮೆಯಾದರೆ ಕಾಯುವ ಸಮಯ ಕಡಿಮೆ.

ಕಂಪ್ಯೂಟರ್ ಬರೆಯುವ ನಕ್ಷೆ

ಈಗ ಹಾದಿಯನ್ನು ಕೈಯಲ್ಲಿ ಬರೆಯುವ ಅಗತ್ಯವೂ ಕಡಿಮೆಯಾಗುತ್ತಿದೆ. ಕಂಪ್ಯೂಟರಿನಲ್ಲಿ ನಡೆಯುವ ಪ್ರತಿ ಕೆಲಸವೂ ಮೂರು ಗುರುತು ಬಿಟ್ಟುಹೋಗುತ್ತದೆ: ಯಾವ ಅರ್ಜಿ, ಯಾವ ಕೆಲಸ, ಎಷ್ಟು ಹೊತ್ತಿಗೆ. ಲಕ್ಷಾಂತರ ಇಂಥ ಗುರುತುಗಳನ್ನು ಜೋಡಿಸಿ ನಿಜವಾದ ಹಾದಿಯನ್ನು ತಾನೇ ಬರೆಯುವ ತಂತ್ರಕ್ಕೆ ‘ಪ್ರೊಸೆಸ್ ಮೈನಿಂಗ್’ ಎನ್ನುತ್ತಾರೆ. ನೆದರ್‌ಲೆಂಡ್ಸಿನ ವಿಲ್ ವಾನ್ ಡೆರ್ ಆಲ್ಸ್ಟ್ ಇದರ ಪ್ರಮುಖ ವಿಜ್ಞಾನಿ. ಮ್ಯಾನೇಜರು ಐದು ಚೌಕಗಳ ನೇರ ಗೆರೆಯನ್ನು ನಿರೀಕ್ಷಿಸುತ್ತಾರೆ, ಕಂಪ್ಯೂಟರ್ ತೋರಿಸುವ ಚಿತ್ರ ಅನೇಕ ಸಲ ಒತ್ತುಶಾವಿಗೆಯಂತಿರುತ್ತದೆ. ಹಿಂದೆ ಬಂದ, ಎರಡೆರಡು ಸಲ ತಿರುಗಿದ, ಹಂತ ಹಾರಿದ ಅರ್ಜಿಗಳೆಲ್ಲ ಅದರಲ್ಲಿ ಕಾಣುತ್ತವೆ.

ಆದರೆ ಅದೇ ಗುರುತುಗಳಲ್ಲಿ ‘ಯಾರು’ ಎಂಬ ನಾಲ್ಕನೆಯ ಗುರುತೂ ಇರುತ್ತದೆ. ಅದನ್ನು ಹಿಡಿದು, ಯಾವ ನೌಕರ ಊಟಕ್ಕೆ ಎಷ್ಟು ನಿಮಿಷ ಹೆಚ್ಚು ತೆಗೆದುಕೊಂಡ ಎಂದು ಲೆಕ್ಕ ಹಾಕುವುದು ಬಹಳ ಸುಲಭ. ಹಾದಿಯನ್ನು ತಿದ್ದುವುದು ಕಷ್ಟ. ಏಕೆಂದರೆ ಹಾದಿಯನ್ನು ಹಾಕಿದವರು ಸಾಮಾನ್ಯವಾಗಿ ಮೇಲಿನ ಕುರ್ಚಿಯಲ್ಲಿರುತ್ತಾರೆ. ಉಪಕರಣ ಎಷ್ಟೇ ಸೂಕ್ಷ್ಮವಾಗಲಿ, ಸುಲಭದ ಕಡೆಗೆ ಜಾರದಂತೆ ನೋಡಿಕೊಳ್ಳುವ ಜವಾಬ್ದಾರಿ ಅದನ್ನು ಬಳಸುವವರದು.

ಕಡೆಯಲ್ಲಿ ಓದುಗರಿಗೆ ಒಂದು ಮನೆಗೆಲಸ ಕೊಡುತ್ತೇನೆ. ನೀವು ಕಾರ್ಖಾನೆಯಲ್ಲಿರಿ, ಕಚೇರಿಯಲ್ಲಿರಿ, ಸ್ವಂತ ಅಂಗಡಿ ನಡೆಸುತ್ತಿರಿ, ನಾಳೆ ಒಂದು ಆರ್ಡರನ್ನೋ ಅರ್ಜಿಯನ್ನೋ ಆರಿಸಿಕೊಂಡು ಅದರ ಹಿಂದೆ ನಡೆಯಿರಿ. ಒಂದು ಹಾಳೆಯ ಮೇಲೆ ವೃತ್ತ, ಬಾಣ, ಚೌಕ, ‘ಡಿ’, ತ್ರಿಕೋನ ಹಾಕುತ್ತ ಹೋಗಿ. ಪ್ರತಿಯೊಂದರ ಪಕ್ಕದಲ್ಲಿ ಹಿಡಿದ ಸಮಯ ಬರೆಯಿರಿ. ಕೆಲಸ ಮಾಡುವವರನ್ನೇ ಕೇಳಿ ಬರೆಯಿರಿ, ಏಕೆ ಕೇಳುತ್ತಿದ್ದೀರಿ ಎಂಬುದನ್ನು ಮೊದಲೇ ಅವರಿಗೆ ತಿಳಿಸಿ. ಕೊನೆಯಲ್ಲಿ ವೃತ್ತಗಳ ಸಮಯವನ್ನು ಒಂದು ಕಡೆ, ಉಳಿದ ನಾಲ್ಕರ ಸಮಯವನ್ನು ಇನ್ನೊಂದು ಕಡೆ ಕೂಡಿಸಿ. ಎರಡು ಮೊತ್ತಗಳನ್ನೂ ನೋಡಿದ ಮೇಲೆ, ತಡವಾಯಿತೆಂದು ನೀವು ಕಳೆದ ಬಾರಿ ಗದರಿದವರು ಯಾರು ಎಂಬುದನ್ನು ಒಮ್ಮೆ ನೆನಪು ಮಾಡಿಕೊಳ್ಳಿ.